ಬೆನ್ನೆಲುಬಿನ ಶಸ್ತ್ರಕ್ರಿಯೆಯ ತರುವಾಯ ಕಿರಣಚಿಕಿತ್ಸೆ

(ಮಜ್ಜಾರ್ಬುದ ಪೀಡಿತರ ವಿಷಯವಾದ ಉಪನ್ಯಾಸ)



ದೇಹವು ದೃಢವಾಗಿದ್ದಲ್ಲಿ ಮಾತ್ರ ಕಾಯಕವು ಸಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿಯು. ಆ ದೇಹವನ್ನು ನೆಟ್ಟಗೆ ನಿಲ್ಲಿಸಿರುವ ಕಂಬವಾದರೋ ಬೆನ್ನೆಲುಬು. ಮನೆಯ ಕಂಬಕ್ಕೆ ಒಳಗಿನಿಂದ ಗೆದ್ದಲು ಹಿಡಿದರೆ ಹೊರಗೆ ನಿಂತು ನೋಡುವವನಿಗೆ ಅದು ಕಾಣಿಸದು. ಒಂದು ದಿನ ಮೇಲಿನ ಭಾರವನ್ನು ತಾಳಲಾರದೆ ಕಂಬವು ಕುಸಿದಾಗಲೇ ಮನೆಯವರಿಗೆ ಎಚ್ಚರವಾಗುವುದು. ಆಗ ಬಡಗಿಯನ್ನು ಕರೆತಂದು, ಒತ್ತುಗಂಬ ಕೊಟ್ಟು, ಮಾಡನ್ನು ನಿಲ್ಲಿಸಿಬಿಟ್ಟರೆ ಕೆಲಸವು ಪೂರೈಸಿತೆ? ಗೆದ್ದಲು ಇನ್ನೂ ಒಳಗೇ ಇದೆಯಷ್ಟೆ. ಮಲ್ಟಿಪಲ್ ಮೈಲೋಮಾ ಎಂಬ ವ್ಯಾಧಿಯಲ್ಲಿ ಬೆನ್ನೆಲುಬಿಗೆ ಶಸ್ತ್ರಕ್ರಿಯೆಯಾದ ಮೇಲೆ ಕಿರಣಚಿಕಿತ್ಸೆಯು ಬೇಕೆ, ಬೇಕಾದರೆ ಯಾವಾಗ, ಎಷ್ಟು, ಯಾರಿಗೆ ಎಂಬ ಪ್ರಶ್ನೆಗಳೆಲ್ಲವೂ ಈ ಒಂದು ದೃಷ್ಟಾಂತದೊಳಗೆ ಅಡಗಿಕೊಂಡಿವೆ.

ಒಂದು ಮನೆತನವನ್ನು ಮನಸ್ಸಿಗೆ ತಂದುಕೊಳ್ಳಿರಿ. ಮನೆಯ ಯಜಮಾನನಿಗೆ ಅರುವತ್ತರ ಸಮೀಪದ ಪ್ರಾಯ; ಹೊಲಮನೆ ನೋಡಿಕೊಂಡಿದ್ದವನು. ಸುಗ್ಗಿಯ ಕಾಲದಲ್ಲಿ ಚೀಲವನ್ನೆತ್ತುವಾಗ ಬೆನ್ನು ಹಿಡಿಯಿತು. ಎಣ್ಣೆ ತಿಕ್ಕಿಸಿದರು, ಶಾಖ ಕೊಟ್ಟರು, ಮಕ್ಕಳಿಂದ ಬೆನ್ನು ತುಳಿಸಿದರು. ತಿಂಗಳೆರಡಾದರೂ ನೋವು ಇಳಿಯಲಿಲ್ಲ. ರಾತ್ರಿ ಮಲಗಿದಲ್ಲಿಯೂ ಬಿಡಲಿಲ್ಲ. ಮೈಯಲ್ಲಿ ಕಸುವು ಕುಗ್ಗಿತು, ಮೋರೆ ಬಿಳಿಚಿತು. ಒಂದು ಮುಂಜಾನೆ ಏಳಹೋದರೆ ಕಾಲುಗಳು ಮಾತು ಕೇಳಲಿಲ್ಲ. ಆಸ್ಪತ್ರೆಗೆ ಒಯ್ದರು, ಬೆನ್ನಿನ ಒಂದು ಮಣಿಯು ಜಜ್ಜಿಹೋಗಿ ನರರಜ್ಜುವನ್ನು ಅದುಮುತ್ತಿದೆಯೆಂದು ಕಂಡುಬಂತು. ಶಸ್ತ್ರಕ್ರಿಯೆಯಾಯಿತು, ಕಾಲಿಗೆ ಜೀವ ಬಂತು, ಮನೆಗೆ ಬಂದರು. ಎರಡು ವಾರದ ಮೇಲೆ ವೈದ್ಯರು, “ಇನ್ನು ಕಿರಣಚಿಕಿತ್ಸೆ ಆಗಬೇಕು” ಎಂದು ಹೇಳಿಕಳುಹಿಸಿದರು. ಯಜಮಾನನು, “ಕೊಯ್ದದ್ದಾಯಿತು, ಹೊಲಿದದ್ದಾಯಿತು, ಇನ್ನು ಕರೆಂಟು ಕೊಟ್ಟು ಸುಡುವುದೇಕೆ? ನಾನು ಒಲ್ಲೆ” ಎಂದನು. ಹಿರಿಯ ಮಗನು, “ಅಪ್ಪಾ, ವೈದ್ಯರು ಸುಮ್ಮನೆ ಹೇಳಿಯಾರೇ?” ಎಂದನು. ಹೆಂಡತಿಯು ಏನೂ ಹೇಳಲಾರದೆ ಕಣ್ಣೀರಿಟ್ಟಳು. ಇಂತಹ ಮಾತು ಎಷ್ಟು ಮನೆಗಳ ಪಡಸಾಲೆಯಲ್ಲಿ ನಡೆಯುತ್ತಿದೆಯೋ! ಆ ಯಜಮಾನನ ಪ್ರಶ್ನೆಯು ಹಟದ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ಅದಕ್ಕೆ ತಕ್ಕ ಉತ್ತರವು ದೊರೆಯದೆ ಹೋದರೆ ಅವನು ಮತ್ತೊಮ್ಮೆ ಹಾಸಿಗೆ ಹಿಡಿಯುವ ಸಂಭವವುಂಟು. ಆದಕಾರಣ ಈ ವಿಷಯವು ವೈದ್ಯರ ಮಂಡಲಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಕೂಡದು.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯುವುದು ಯುಕ್ತವು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಆಯುರ್ವೇದವು ಏಳು ಧಾತುಗಳನ್ನು ಎಣಿಸಿದೆ. ಅಸ್ಥಿಯ ಒಳಗಿರುವುದು ಮಜ್ಜೆ. ರಕ್ತದ ಕಣಗಳೆಲ್ಲ ಈ ಮಜ್ಜೆಯಲ್ಲಿಯೇ ಹುಟ್ಟತಕ್ಕವೆಂಬುದು ಆಧುನಿಕ ವೈದ್ಯಶಾಸ್ತ್ರದ ಸಿದ್ಧಾಂತವು. ಆ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳೆಂಬ ಒಂದು ಜಾತಿಯುಂಟು. ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ಅವುಗಳಲ್ಲಿ ಒಂದೇ ಒಂದು ಕಣವು ಕೆಟ್ಟು, ಅಂಕೆಯಿಲ್ಲದೆ ತನ್ನ ಸಂತಾನವನ್ನು ಬೆಳೆಸಿ, ಮಜ್ಜೆಯನ್ನೆಲ್ಲ ಆಕ್ರಮಿಸಿದರೆ ಅದೇ ಮೈಲೋಮಾ. ಗ್ರೀಕ್ ಭಾಷೆಯಲ್ಲಿ ಮಜ್ಜೆಗೆ ‘ಮ್ಯೆಲೋಸ್’ ಎಂದು ಹೆಸರು. ಅದರಿಂದಲೇ ಈ ಪದವು ಬಂದಿದೆ. ಅನೇಕ ಎಲುಬುಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದರಿಂದ ‘ಮಲ್ಟಿಪಲ್’ ಎಂಬ ವಿಶೇಷಣವು ಸೇರಿತು. ಈ ಜೋಡು ಹೆಸರನ್ನು 1873ರಲ್ಲಿ ರುಸ್ಟಿಟ್ಸ್ಕಿ ಎಂಬ ವೈದ್ಯನು ಬಳಕೆಗೆ ತಂದನು. ಕನ್ನಡದಲ್ಲಿ ಇದನ್ನು ಮಜ್ಜಾರ್ಬುದವೆನ್ನಬಹುದು.

ಇಂತಹ ಕೆಟ್ಟ ಕಣಗಳು ನಾಲ್ಕು ಬಗೆಯಿಂದ ದೇಹವನ್ನು ಪೀಡಿಸುತ್ತವೆ. ಎಲುಬು ಕರಗಿ ಅದರ ಸುಣ್ಣಾಂಶವಾದ ಕ್ಯಾಲ್ಸಿಯಂ ರಕ್ತದಲ್ಲಿ ಏರುವುದು ಒಂದು. ಅವು ಸುರಿಸುವ ನಿರುಪಯುಕ್ತ ಪ್ರೋಟೀನಿನಿಂದ ಮೂತ್ರಪಿಂಡಗಳು ಕೆಡುವುದು ಎರಡು. ಮಜ್ಜೆಯಲ್ಲಿ ಒಳ್ಳೆಯ ಕಣಗಳಿಗೆ ಎಡೆಯಿಲ್ಲದಾಗಿ ರಕ್ತವು ಕಡಿಮೆಯಾಗುವುದು ಮೂರು. ಎಲುಬುಗಳು ತೂತುಬಿದ್ದು ಮುರಿಯುವುದು ನಾಲ್ಕು. ಆರೋಗ್ಯವುಳ್ಳ ಎಲುಬಿನಲ್ಲಿ ಕೆಡಹುವ ಕಣಗಳೂ ಕಟ್ಟುವ ಕಣಗಳೂ ಸರಿಸಮನಾಗಿ ದುಡಿಯುತ್ತಿರುತ್ತವೆ. ಹಳೆಯ ಗೋಡೆಯನ್ನು ಒಬ್ಬನು ಕೀಳುತ್ತ ಬಂದರೆ ಇನ್ನೊಬ್ಬನು ಹೊಸದನ್ನು ಕಟ್ಟುತ್ತ ಬಂದಂತೆ. ಮೈಲೋಮಾ ಕಣಗಳಾದರೋ ಕೆಡಹುವವರಿಗೆ ಕುಮ್ಮಕ್ಕು ಕೊಟ್ಟು ಕಟ್ಟುವವರ ಕೈ ಕಟ್ಟಿಹಾಕುತ್ತವೆ. ಆದುದರಿಂದ ಎಲುಬಿನಲ್ಲಿ ಗುಳಿಗಳು ಬೀಳುತ್ತವೆ, ಮತ್ತು ಆ ಗುಳಿಗಳು ತಾವಾಗಿ ತುಂಬಿಕೊಳ್ಳುವುದಿಲ್ಲ. ರೋಗದ ಅವಧಿಯಲ್ಲಿ ನೂರು ಮಂದಿಯಲ್ಲಿ ಸುಮಾರು 80 ಮಂದಿಗೆ ಎಲುಬಿನ ಉಪದ್ರವವು ಉಂಟಾಗುವುದು. ಅವುಗಳಲ್ಲಿ ಬೆನ್ನಿನ ಮಣಿಗಳೇ ಹೆಚ್ಚಾಗಿ ತುತ್ತಾಗುವುವು. ಪಾಶ್ಚಾತ್ಯ ದೇಶಗಳಲ್ಲಿ ಇದು 70ರ ಆಸುಪಾಸಿನಲ್ಲಿ ಹೆಚ್ಚಾಗಿ ಕಂಡುಬರುವುದು. ಭಾರತದಲ್ಲಿ ಸುಮಾರು ಹತ್ತು ವರ್ಷ ಮುಂಚಿತವಾಗಿಯೇ ಕಾಣಿಸಿಕೊಳ್ಳುತ್ತಿದೆ.

ಈ ವ್ಯಾಧಿಯ ಪೂರ್ವೇತಿಹಾಸವೂ ಕೇಳತಕ್ಕದ್ದಾಗಿದೆ. 1844ರಲ್ಲಿ ಲಂಡನ್ ಪಟ್ಟಣದ ಗೌರವಸ್ಥನಾದ ಒಬ್ಬ ವರ್ತಕನಿಗೆ, 45ರ ಪ್ರಾಯದಲ್ಲಿ, ವಿಹಾರಕ್ಕೆಂದು ಹೋದಾಗ ಜಿಗಿದ ಭರಕ್ಕೆ ಎದೆಯೊಳಗೆ ಏನೋ ತಟ್ಟನೆ ಮುರಿದಂತಾಯಿತು. ಅಂದಿನಿಂದ ನೋವು ಅವನನ್ನು ಬಿಡಲಿಲ್ಲ. ವಾಟ್ಸನ್, ಮ್ಯಾಕಿಂಟೈರ್ ಎಂಬ ಹೆಸರಾಂತ ವೈದ್ಯರು ನೋಡಿದರು. 1845ರಲ್ಲಿ ಅವನ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನವೇತ್ತನಾದ ವೈದ್ಯನಿಗೆ ಕಳುಹಿಸಿದರು. ಅದರೊಳಗೆ ಒಂದು ವಿಚಿತ್ರ ವಸ್ತುವಿದ್ದಿತು. ಬೆಚ್ಚಗೆ ಮಾಡಿದರೆ ಹೆಪ್ಪುಗಟ್ಟುವುದು, ಕುದಿಸಿದರೆ ಕರಗುವುದು, ತಣಿದರೆ ಪುನಃ ಹೆಪ್ಪುಗಟ್ಟುವುದು. ಈ ವಸ್ತುವು ಇಂದಿಗೂ ಬೆನ್ಸ್ ಜೋನ್ಸ್ ಪ್ರೋಟೀನ್ ಎಂದೇ ಪ್ರಸಿದ್ಧವಾಗಿದೆ. ರೋಗಿಯು 1846ರ ಜನವರಿ 1ರಂದು ತೀರಿಕೊಂಡನು. ಮರಣೋತ್ತರ ಪರೀಕ್ಷೆಯಲ್ಲಿ ಅವನ ಪಕ್ಕೆಲುಬುಗಳು ಚೂರಿಯಿಂದ ಸಲೀಸಾಗಿ ಕತ್ತರಿಸುವಷ್ಟು ಮೆತ್ತಗಾಗಿದ್ದುವು. ಅಂದಿನ ವೈದ್ಯರಲ್ಲಿ ಜಾಣತನಕ್ಕೆ ಕೊರತೆಯಿರಲಿಲ್ಲ. ಸಾಧನಗಳು ಮಾತ್ರ ಇರಲಿಲ್ಲ. ಎಲುಬಿನ ಒಳಗನ್ನು ಕಾಣಿಸಬಲ್ಲ ಎಕ್ಸ್-ಕಿರಣವನ್ನು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜನ್ ಎಂಬ ವಿಜ್ಞಾನಿಯು ಕಂಡುಹಿಡಿದುದು 1895ರ ನವೆಂಬರ್ 8ರಂದು; ಎಂದರೆ ಆ ಮೂತ್ರಪರೀಕ್ಷೆಯಾದ ಐವತ್ತು ವರ್ಷಗಳ ತರುವಾಯ. ಔಷಧಗಳು ಬಂದುದು ಇನ್ನೂ ತಡವಾಗಿ. 1958ರಿಂದ ಮೆಲ್ಫಲಾನ್, 1980ರ ದಶಕದಿಂದ ಅದನ್ನೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ರೋಗಿಯ ಸ್ವಂತ ಮೂಲಕಣಗಳನ್ನು ಹಿಂದಿರುಗಿಸುವ ಕ್ರಮ, 1999ರಲ್ಲಿ ಥಾಲಿಡೋಮೈಡ್, 2003ರಲ್ಲಿ ಬೋರ್ಟೆಜೋಮಿಬ್, 2015ರಲ್ಲಿ ಡಾರಾಟುಮುಮ್ಯಾಬ್: ಹೀಗೆ ಒಂದರ ಹಿಂದೊಂದು ಬಂದುವು. ವ್ಯಾಧಿಯು ಬಹುಮಟ್ಟಿಗೆ ಬೇರುಸಹಿತ ಹೋಗುವುದಿಲ್ಲವಾದರೂ, ಅದನ್ನು ಹಿಡಿತದಲ್ಲಿಟ್ಟು ಅನೇಕ ವರ್ಷಗಳ ಪರಿಯಂತ ಬಾಳುವವರು ಈಗ ಬಹಳ ಮಂದಿ ಇದ್ದಾರೆ. ಅಷ್ಟು ವರ್ಷ ಬಾಳುವವನು ನಡೆದಾಡಿಕೊಂಡು ಬಾಳಬೇಕೋ ಹಾಸಿಗೆಯಲ್ಲಿ ಬಾಳಬೇಕೋ ಎಂಬುದನ್ನು ನಿಶ್ಚಯಿಸುವುದು ಬೆನ್ನೆಲುಬು. ಆದುದರಿಂದಲೇ ಇಂದು ಬೆನ್ನಿನ ಚಿಕಿತ್ಸೆಗೆ ಹಿಂದಿಗಿಂತ ಹೆಚ್ಚಿನ ಮಹತ್ವವು ಬಂದಿದೆ.

ಇನ್ನು ಶಸ್ತ್ರಕ್ರಿಯೆಯ ವಿಚಾರ. ಮೈಲೋಮಾ ರೋಗಿಗಳ ಬೆನ್ನಿಗೆ ಎಲ್ಲ ಸಂದರ್ಭಗಳಲ್ಲಿಯೂ ಶಸ್ತ್ರಕ್ರಿಯೆಯು ಬೇಕಾಗುವುದಿಲ್ಲ. ಮಣಿಗಳು ಸಡಿಲಗೊಂಡು ಬೆನ್ನು ಭಾರ ಹೊರಲಾರದಂತಾದಾಗ, ಮುರಿದ ಎಲುಬಿನ ಚೂರು ನರರಜ್ಜುವಿಗೆ ಚುಚ್ಚಿಕೊಂಡಾಗ, ಕಾಲುಗಳ ಬಲವು ದಿನದಿಂದ ದಿನಕ್ಕೆ ಅಥವಾ ಗಳಿಗೆಯಿಂದ ಗಳಿಗೆಗೆ ಕುಂದುತ್ತಿರುವಾಗ ಅದು ಅವಶ್ಯವೆನಿಸುವುದು. ಬೆನ್ನು ಎಷ್ಟರಮಟ್ಟಿಗೆ ಸಡಿಲವಾಗಿದೆಯೆಂದು ಅಳೆಯುವುದಕ್ಕೆ 2010ರಲ್ಲಿ ತಜ್ಞರು ಒಂದು ಅಂಕಕ್ರಮವನ್ನು ರಚಿಸಿದರು. ನೋವಿನ ಬಗೆ, ಮಣಿಯ ಸ್ಥಾನ, ಕುಸಿತದ ಪ್ರಮಾಣ ಮುಂತಾದ ಆರು ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸಿದರೆ 18ರವರೆಗೆ ಮೊತ್ತವಾಗುವುದು. 6ರವರೆಗೆ ಬೆನ್ನು ಗಟ್ಟಿ, 7ರಿಂದ 12ರವರೆಗೆ ಸಂದೇಹಾಸ್ಪದ, 13ರಿಂದ ಮೇಲೆ ಸಡಿಲ ಎಂದು ತಿಳಿಯತಕ್ಕದ್ದು. ಸಡಿಲವಾದಲ್ಲಿ ಮಣಿಗಳಿಗೆ ಟೈಟೇನಿಯಂ ತಿರುಪುಗಳನ್ನು ಕೂಡಿಸಿ ಸರಳುಗಳಿಂದ ಬಿಗಿಯುವರು. ನರರಜ್ಜುವಿನ ಮೇಲಿನ ಒತ್ತಡವನ್ನು ತೆಗೆಯುವರು. ನರರಜ್ಜುವಿಗೆ ಅಪಾಯವಿಲ್ಲದೆ ಮಣಿಯು ಮಾತ್ರ ಕುಸಿದಿದ್ದರೆ, ಸೂಜಿಯ ಮೂಲಕ ಅದರೊಳಗೆ ಗಾರೆಯಂತಹ ದ್ರವ್ಯವನ್ನು ತುಂಬಿ ಗಟ್ಟಿಮಾಡುವ ಕ್ರಮವೂ ಉಂಟು. ಇದನ್ನು 1984ರಲ್ಲಿ ಫ್ರಾನ್ಸ್ ದೇಶದಲ್ಲಿ ಮೊದಲು ಮಾಡಿದರು. ಮೊದಲು ಸಣ್ಣ ಬುಗ್ಗೆಯೊಂದನ್ನು ಉಬ್ಬಿಸಿ ಆ ಬಳಿಕ ಗಾರೆ ತುಂಬುವ ಕ್ರಮವು ಇದರ ಮುಂದಿನ ಸುಧಾರಣೆ. ಇದರಿಂದ ಕ್ಯಾನ್ಸರ್ ರೋಗಿಗಳ ಬೆನ್ನುನೋವು ಬೇಗನೆ ಇಳಿಯುವುದೆಂದು 134 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ಸಿದ್ಧಪಟ್ಟಿತು. ಅವರಲ್ಲಿ ಮೈಲೋಮಾ ರೋಗಿಗಳೂ ಇದ್ದರು.

ಇಲ್ಲಿ ಯಜಮಾನನ ಮೊದಲನೆಯ ಪ್ರಶ್ನೆಗೆ ಉತ್ತರವು ದೊರೆಯುವುದು. ಶಸ್ತ್ರವೈದ್ಯನು ಮಾಡಿದುದು ಕಂಬವನ್ನು ನಿಲ್ಲಿಸುವ ಕೆಲಸ, ನರರಜ್ಜುವಿಗೆ ಎಡೆಯನ್ನು ಮಾಡಿಕೊಡುವ ಕೆಲಸ. ಮಣಿಯ ಒಳಗೆ, ಅದರ ಸುತ್ತಲೂ ಚದರಿದ ಕೆಟ್ಟ ಕಣಗಳನ್ನು ಚೂರಿಯು ಪೂರ್ಣವಾಗಿ ಹೆಕ್ಕಿ ತೆಗೆಯಲಾರದು. ಅವು ಉಳಿದು ಬೆಳೆದರೆ ಮಣಿಯು ಮತ್ತಷ್ಟು ಕರಗುವುದು. ತಿರುಪುಗಳಿಗೆ ಹಿಡಿತವು ತಪ್ಪುವುದು. ನರರಜ್ಜುವಿನ ಮೇಲೆ ಒತ್ತಡವು ಮರಳಿ ಬರುವುದು. ಮೈಲೋಮಾ ಕಣಗಳಿಗೆ ಕಿರಣವನ್ನು ತಾಳಿಕೊಳ್ಳುವ ಶಕ್ತಿಯು ಬಹಳ ಕಡಿಮೆ. ಅನೇಕ ಅರ್ಬುದಗಳಿಗೆ ಸಾಲದಷ್ಟು ಅಲ್ಪಪ್ರಮಾಣದ ಕಿರಣಕ್ಕೇ ಇವು ಸೋಲುತ್ತವೆ. ಕಿರಣವು ಬಿದ್ದ ಮೇಲೆ ಬಹುಮಂದಿಗೆ ನೋವು ಇಳಿಯುವುದಲ್ಲದೆ, ಕೆಲವು ತಿಂಗಳುಗಳಲ್ಲಿ ಎಲುಬಿಗೆ ಸುಣ್ಣಾಂಶವು ಕೂಡಿಕೊಳ್ಳುತ್ತ ಬರುವುದೂ ಉಂಟು. ಶಸ್ತ್ರವು ಆಧಾರವನ್ನು ಕೊಟ್ಟಿತು; ಕಿರಣವು ಶತ್ರುವನ್ನು ಅಡಗಿಸುವುದು. ಎರಡರ ಕೆಲಸವೂ ಬೇರೆ ಬೇರೆ. ಒಂದಾದುದರಿಂದ ಇನ್ನೊಂದು ಆದಂತಾಗಲಿಲ್ಲ.

ಎರಡನೆಯ ಪ್ರಶ್ನೆಯು ಸುಡುವುದರ ವಿಷಯ. ಸುಶ್ರುತಸಂಹಿತೆಯಲ್ಲಿ ಶಸ್ತ್ರಕರ್ಮ, ಕ್ಷಾರಕರ್ಮ, ಅಗ್ನಿಕರ್ಮಗಳು ಹೇಳಲ್ಪಟ್ಟಿವೆ. ಅಗ್ನಿಕರ್ಮದಲ್ಲಿ ಕಾಯಿಸಿದ ಸಲಾಕೆಯಿಂದ ಚರ್ಮ ಮಾಂಸಾದಿಗಳನ್ನು ಸುಡುವುದುಂಟು. ಜನರು ಕಿರಣಚಿಕಿತ್ಸೆಯನ್ನು ವಾಡಿಕೆಯಲ್ಲಿ ‘ಕರೆಂಟು ಕೊಡಿಸುವುದು’ ಎಂದು ಕರೆಯುವುದರಿಂದ, ಇದೂ ಅಗ್ನಿಕರ್ಮದಂತೆಯೇ, ಇಲ್ಲವೆ ವಿದ್ಯುತ್ತು ತಗುಲಿದಂತೆಯೇ ಎಂಬ ಭಯವು ಹುಟ್ಟಿಕೊಂಡಿದೆ. ವಾಸ್ತವವಾಗಿ ಇಲ್ಲಿ ಬೆಂಕಿಯೂ ಇಲ್ಲ, ದೇಹದೊಳಗೆ ವಿದ್ಯುತ್ತನ್ನು ಹರಿಸುವುದೂ ಇಲ್ಲ. ಫೋಟೋ ತೆಗೆಯುವ ಎಕ್ಸ್-ಕಿರಣದ ಜಾತಿಯದೇ ಆದ, ಆದರೆ ಅದಕ್ಕಿಂತ ಬಹು ಪ್ರಬಲವಾದ ಕಿರಣವು ಯಂತ್ರದಿಂದ ಹೊರಟು ಗುರಿಯಿಟ್ಟ ಮಣಿಯನ್ನು ಹಾದುಹೋಗುವುದು. ಅದು ಕಣಗಳ ಬೀಜರೂಪವಾದ ಸೂತ್ರವನ್ನು ತುಂಡರಿಸುವುದು. ಕೆಟ್ಟ ಕಣವು ಆ ತುಂಡನ್ನು ಕೂಡಿಸಿಕೊಳ್ಳಲಾರದೆ ಮಡಿಯುವುದು. ಒಳ್ಳೆಯ ಕಣಗಳು ಬಹುಮಟ್ಟಿಗೆ ಕೂಡಿಸಿಕೊಂಡು ಉಳಿಯುವುವು. ಒಳ್ಳೆಯ ಕಣಗಳಿಗೆ ಈ ಬಿಡುವನ್ನು ಕೊಡುವುದಕ್ಕಾಗಿಯೇ ಕಿರಣವನ್ನು ಕಂತುಕಂತಾಗಿ ಕೊಡುವುದು ವಾಡಿಕೆ. ಕಿರಣ ಬೀಳುವಾಗ ರೋಗಿಗೆ ನೋವಾಗಲಿ ಬಿಸಿಯಾಗಲಿ ತಿಳಿಯುವುದಿಲ್ಲ. ಪ್ರತಿದಿನದ ಕೆಲಸವು ಕೆಲವೇ ನಿಮಿಷಗಳದು. ಯಂತ್ರವನ್ನು ನಿಲ್ಲಿಸಿದೊಡನೆ ಕಿರಣವೂ ನಿಲ್ಲುವುದು. ರೋಗಿಯ ಮೈಯಲ್ಲಿ ಅದು ಉಳಿಯುವುದಿಲ್ಲ. ಆದಕಾರಣ ಅವನ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕೂ, ಮೊಮ್ಮಕ್ಕಳು ಅವನ ತೊಡೆಯೇರುವುದಕ್ಕೂ ಯಾವ ಆತಂಕವೂ ಇಲ್ಲ. ಅವನನ್ನು ಬೇರೆ ಕೋಣೆಯಲ್ಲಿರಿಸಿ ದೂರಮಾಡುವುದು ಅಜ್ಞಾನವಷ್ಟೇ ಅಲ್ಲ, ನಿರ್ದಯತನವೂ ಹೌದು.

ಮೂರನೆಯದು, ಯಾವಾಗ ಎಂಬುದು. ಶಸ್ತ್ರದ ಗಾಯವು ಮಾಯುವುದಕ್ಕೆ ಹೊಸ ಕಣಗಳು ಹುಟ್ಟಬೇಕು. ಹುಟ್ಟುತ್ತಿರುವ ಕಣಗಳ ಮೇಲೆಯೇ ಕಿರಣದ ಪ್ರಭಾವವು ಹೆಚ್ಚು. ಆದುದರಿಂದ ಹೊಲಿಗೆಯಾದ ಕೂಡಲೆ ಕಿರಣವನ್ನು ಕೊಟ್ಟರೆ ಗಾಯವು ಬಿಚ್ಚಿಕೊಳ್ಳುವ, ಕೀವಾಗುವ ಭಯವಿದೆ. ಮೈಲೋಮಾ ರೋಗಿಗಳಲ್ಲಿ ರೋಗನಿರೋಧಶಕ್ತಿಯು ಮೊದಲೇ ಕುಗ್ಗಿರುವುದರಿಂದಲೂ, ಸ್ಟೆರಾಯ್ಡ್ ಔಷಧಗಳನ್ನು ಕೊಡುತ್ತಿರುವುದರಿಂದಲೂ ಈ ಭಯವು ಇಮ್ಮಡಿಯಾಗುವುದು. ಆದಕಾರಣ ತೆರೆದ ಶಸ್ತ್ರಕ್ರಿಯೆಯಾದ ಮೇಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕಾಯುವರು. ಸೂಜಿಯಿಂದ ಗಾರೆ ತುಂಬಿದ ಮಾತ್ರಕ್ಕೆ ಅಷ್ಟು ಕಾಯಬೇಕಾಗಿಲ್ಲ. ಆದರೆ ಕಾಯುವುದೂ ಮರೆಯುವುದೂ ಒಂದೇ ಅಲ್ಲ. ಮನೆಗೆ ಹೋದ ರೋಗಿಗೆ ನೋವು ಕಡಿಮೆಯಾಯಿತೆಂದು, ದಾರಿ ದೂರವೆಂದು, ಹಬ್ಬ ಕಳೆಯಲೆಂದು ತಿಂಗಳುಗಳು ಉರುಳಿಬಿಡುತ್ತವೆ. ಆಸ್ಪತ್ರೆಯಿಂದ ಹೊರಡುವ ದಿನವೇ, ಕಿರಣಚಿಕಿತ್ಸೆಯ ವೈದ್ಯರನ್ನು ಎಂದು ಕಾಣತಕ್ಕದ್ದೆಂಬ ತಾರೀಖನ್ನು ಕಾಗದದಲ್ಲಿ ಬರೆಯಿಸಿಕೊಂಡು ಹೊರಡುವುದು ಲೇಸು. ಗಾಯದಲ್ಲಿ ಕೆಂಪೇರಿದರೆ, ಒಸರಿದರೆ, ಜ್ವರ ಬಂದರೆ ಆ ತಾರೀಖಿಗೆ ಕಾಯದೆ ಕೂಡಲೆ ತೋರಿಸತಕ್ಕದ್ದು.

ನಾಲ್ಕನೆಯದು, ಎಷ್ಟು ಎಂಬುದು. ಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಬ್ರಿಟಿಷ್ ವಿಜ್ಞಾನಿಯಾದ ಲೂಯಿ ಹೆರಾಲ್ಡ್ ಗ್ರೇ ಎಂಬುವನ ನೆನಪಿಗಾಗಿ 1975ರಲ್ಲಿ ಈ ಹೆಸರನ್ನು ಸ್ವೀಕರಿಸಿದರು. ಮೈಲೋಮಾದಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಕ್ರಮಗಳು ಮೂರು: ಒಂದೇ ಸಲಕ್ಕೆ 8 ಗ್ರೇ, ಐದು ಸಲಗಳಲ್ಲಿ 20 ಗ್ರೇ, ಹತ್ತು ಸಲಗಳಲ್ಲಿ 30 ಗ್ರೇ. ವಾರಕ್ಕೆ ಐದು ದಿನದಂತೆ ಕೊಟ್ಟರೆ ಹತ್ತು ಸಲವು ಎರಡು ವಾರಗಳಲ್ಲಿ ಮುಗಿಯುವುದು. ನೋವನ್ನು ಮಾತ್ರ ಇಳಿಸಬೇಕಾದಲ್ಲಿ, ರೋಗಿಯು ಬಹಳ ಬಳಲಿದ್ದಲ್ಲಿ ಒಂದೇ ಸಲದ ಕ್ರಮವು ಅನುಕೂಲವು. ನರರಜ್ಜುವು ಅದುಮಿಹೋಗಿದ್ದು, ಮುಂದೆ ಬಹುಕಾಲ ಬಾಳುವ ನಿರೀಕ್ಷೆಯಿದ್ದಲ್ಲಿ ಹತ್ತು ಸಲದ ಕ್ರಮವನ್ನು ಅನೇಕ ವೈದ್ಯರು ಮೆಚ್ಚುತ್ತಾರೆ. ಮೈಲೋಮಾದಿಂದ ನರರಜ್ಜುವು ಅದುಮಿಹೋಗಿದ್ದ 172 ಮಂದಿಯನ್ನು ಕುರಿತು 2006ರಲ್ಲಿ ಜರ್ಮನಿಯ ರಾಡೆಸ್ ಮೊದಲಾದ ವೈದ್ಯರು ಪ್ರಕಟಿಸಿದ ಲೇಖನದಲ್ಲಿ, ಹೆಚ್ಚು ಕಂತುಗಳ ಕ್ರಮದಿಂದ ಕಾಲುಗಳ ಬಲವು ಹೆಚ್ಚಾಗಿ ಸುಧಾರಿಸಿತೆಂದು ತೋರಿಬಂದಿದೆ. ಒಂದು ಕಡೆಯಲ್ಲಿ ಮಾತ್ರ ಗೆಡ್ಡೆಯಾಗಿ, ಮಜ್ಜೆಯ ಉಳಿದ ಭಾಗಕ್ಕೆ ರೋಗವು ಹರಡದೆ ಇರುವ ಒಂಟಿ ಪ್ಲಾಸ್ಮಾಸೈಟೋಮಾ ಎಂಬ ಭೇದವೊಂದುಂಟು. ಅಲ್ಲಿ ಕಿರಣವೇ ಮುಖ್ಯ ಚಿಕಿತ್ಸೆ, ಗುಣಪಡಿಸುವ ಉದ್ದೇಶದಿಂದಲೇ ಕೊಡತಕ್ಕದ್ದು. ಆದುದರಿಂದ ಪ್ರಮಾಣವೂ 40ರಿಂದ 50 ಗ್ರೇವರೆಗೆ ಏರುವುದು. ಇಂತಹ ರೋಗಿಯು ಶಸ್ತ್ರಕ್ರಿಯೆಯಾಯಿತೆಂದು ಕಿರಣವನ್ನು ಬಿಟ್ಟುಬಿಟ್ಟರೆ ಗುಣಹೊಂದುವ ಅವಕಾಶವನ್ನೇ ಕೈಯಾರೆ ಕಳೆದುಕೊಂಡಂತಾಗುವುದು.

ಹಾಗಾದರೆ ಮಲ್ಟಿಪಲ್ ಮೈಲೋಮಾದಲ್ಲಿ ಶಸ್ತ್ರಕ್ರಿಯೆಯಾದ ಸಕಲರಿಗೂ ಕಿರಣವು ಬೇಕೇ ಬೇಕೆ? ಇಲ್ಲಿ ಪಕ್ಷಪಾತವಿಲ್ಲದೆ ಎರಡು ಕಡೆಯ ಮಾತನ್ನೂ ಹೇಳುವುದು ಧರ್ಮವು. 2005ರಲ್ಲಿ ಅಮೆರಿಕೆಯ ಪ್ಯಾಚೆಲ್ ಎಂಬ ವೈದ್ಯನೂ ಸಂಗಡಿಗರೂ ಒಂದು ಪ್ರಸಿದ್ಧವಾದ ಪರೀಕ್ಷೆಯನ್ನು ಪ್ರಕಟಿಸಿದರು. ಅರ್ಬುದದಿಂದ ನರರಜ್ಜುವು ಅದುಮಿಹೋದ 101 ಮಂದಿಯಲ್ಲಿ, ಶಸ್ತ್ರಕ್ರಿಯೆಯಾಗಿ ಅನಂತರ ಕಿರಣವನ್ನು ಪಡೆದವರಲ್ಲಿ ನೂರಕ್ಕೆ 84 ಮಂದಿಯೂ, ಕಿರಣವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 57 ಮಂದಿಯೂ ನಡೆಯಬಲ್ಲವರಾದರು. ಇದನ್ನು ಓದಿದವರು ಮೈಲೋಮಾಕ್ಕೂ ಇದೇ ನಿಯಮವೆಂದು ಹೇಳುವುದುಂಟು. ಆದರೆ ಆ ಪರೀಕ್ಷೆಯಲ್ಲಿ ಮೈಲೋಮಾ ರೋಗಿಗಳನ್ನು ಬೇಕೆಂದೇ ಸೇರಿಸಿರಲಿಲ್ಲ; ಏಕೆಂದರೆ ಅವರ ಗೆಡ್ಡೆಯು ಕಿರಣಕ್ಕೆ ಸುಲಭವಾಗಿ ಕರಗತಕ್ಕದ್ದು, ಅನೇಕರಿಗೆ ಶಸ್ತ್ರವೇ ಬೇಕಾಗದು. ಅಲ್ಲದೆ ಮೈಲೋಮಾ ಎಂಬುದು ಒಂದು ಮಣಿಯ ರೋಗವಲ್ಲ, ಇಡೀ ಮಜ್ಜೆಯ ರೋಗ. ಅದರ ಮೂಲಚಿಕಿತ್ಸೆಯು ರಕ್ತದ ಮೂಲಕ ಮೈಯೆಲ್ಲ ವ್ಯಾಪಿಸುವ ಔಷಧವೇ ಹೊರತು ಕಿರಣವಲ್ಲ. ಶಸ್ತ್ರದಿಂದ ನರರಜ್ಜುವಿನ ಒತ್ತಡವು ಚೆನ್ನಾಗಿ ಹೋಗಿ, ಹೊಸ ಔಷಧಗಳಿಗೆ ರೋಗವು ಬೇಗನೆ ಬಗ್ಗುತ್ತಿದ್ದರೆ ಕಿರಣವನ್ನು ಕೈಯಲ್ಲಿಟ್ಟುಕೊಂಡು ಕಾಯಬಹುದೆಂಬುದು ಕೆಲವು ತಜ್ಞರ ಮತವು. ಕಿರಣವು ಬಿದ್ದ ಭಾಗದ ಮಜ್ಜೆಯು ಸೊರಗುವುದರಿಂದ, ಹೆಚ್ಚು ಮಣಿಗಳಿಗೆ ಕೊಟ್ಟರೆ ರಕ್ತವು ಕಡಿಮೆಯಾಗಿ ಔಷಧಕ್ಕೆ ಅಡ್ಡಿಯಾಗುವುದು. ಮುಂದೆ ಮೂಲಕಣಗಳನ್ನು ಸಂಗ್ರಹಿಸುವುದಕ್ಕೂ ತೊಡಕಾಗಬಹುದು. ಇನ್ನೊಂದು ಪಕ್ಷದವರು, ನರರಜ್ಜುವಿನ ಪಕ್ಕದಲ್ಲಿ ಗೆಡ್ಡೆಯು ಉಳಿದಿದ್ದರೆ, ನೋವು ಇಳಿಯದಿದ್ದರೆ, ಔಷಧಕ್ಕೆ ರೋಗವು ಬಗ್ಗದಿದ್ದರೆ ಕಿರಣವನ್ನು ತಡಮಾಡಲೇಕೂಡದೆನ್ನುತ್ತಾರೆ. ಎರಡು ಮಾತುಗಳೂ ಪರಸ್ಪರ ವಿರೋಧವಲ್ಲವೆಂಬುದು ವಿಚಾರಿಸಿದರೆ ತಿಳಿಯುವುದು. ಕಿರಣವು ಬೇಕಾದವನಿಗೆ ಬೇಕಾದಷ್ಟೇ ಸ್ಥಳಕ್ಕೆ, ಬೇಕಾದಷ್ಟೇ ಪ್ರಮಾಣದಲ್ಲಿ ಕೊಡತಕ್ಕದ್ದು ಎಂಬುದೇ ಉಭಯರ ಸಾರವು. ಇದನ್ನು ನಿಶ್ಚಯಿಸುವುದಕ್ಕೆ ಶಸ್ತ್ರವೈದ್ಯ, ರಕ್ತರೋಗದ ವೈದ್ಯ, ಕಿರಣಚಿಕಿತ್ಸೆಯ ವೈದ್ಯ ಈ ಮೂವರೂ ಕೂಡಿ ವಿಚಾರಿಸಬೇಕು. ರೋಗಿಯ ಮಗನು ಕೇಳತಕ್ಕ ಪ್ರಶ್ನೆಯು, “ಕರೆಂಟು ಕೊಡಲೇಬೇಕೇ?” ಎಂಬುದಕ್ಕಿಂತ, “ನಮ್ಮ ತಂದೆಯವರ ವಿಷಯದಲ್ಲಿ ನೀವು ಮೂವರೂ ಕೂಡಿ ಮಾತನಾಡಿದ್ದೀರಾ? ಈಗ ಕೊಟ್ಟರೆ ಏನು ಲಾಭ, ಕಾದರೆ ಏನು ಅಪಾಯ?” ಎಂಬುದಾಗಿರಬೇಕು.

ಕಿರಣದಿಂದ ಆಗತಕ್ಕ ತೊಂದರೆಗಳನ್ನೂ ಮರೆಮಾಚಬಾರದು. ಆಯಾಸವು ಸಾಮಾನ್ಯ. ಎದೆಯ ಹಿಂದಿನ ಮಣಿಗಳಿಗೆ ಕೊಟ್ಟರೆ ಅನ್ನನಾಳವು ಬೆಂದಂತಾಗಿ ನುಂಗುವಾಗ ಉರಿಯಾಗಬಹುದು. ಮೆತ್ತಗಿನ, ಖಾರವಿಲ್ಲದ ಗಂಜಿ ಅಂಬಲಿಗಳಿಂದ ಆ ಕೆಲವು ದಿನಗಳನ್ನು ಕಳೆಯಬಹುದು. ಸೊಂಟದ ಮಣಿಗಳಿಗೆ ಕೊಟ್ಟರೆ ವಾಕರಿಕೆ, ಭೇದಿಗಳು ತೋರಬಹುದು. ಮೊದಲ ಕೆಲವು ದಿನ ನೋವು ಹೆಚ್ಚಿದಂತೆ ತೋರಿ ಆಮೇಲೆ ಇಳಿಯುವುದೂ ಉಂಟು. ಅಷ್ಟಕ್ಕೇ ಚಿಕಿತ್ಸೆಯನ್ನು ಬಿಟ್ಟು ಊರಿಗೆ ಬರಬಾರದು. ಶಸ್ತ್ರದಲ್ಲಿ ಕೂಡಿಸಿದ ಲೋಹವು ಕಿರಣದ ಲೆಕ್ಕಕ್ಕೂ ಚಿತ್ರಗಳಿಗೂ ತುಸು ಅಡ್ಡಿಮಾಡುವುದು. ಅದನ್ನು ಎಣಿಕೆಗೆ ತೆಗೆದುಕೊಂಡೇ ಯೋಜನೆ ಮಾಡುವರು. ಕೆಲವೆಡೆ ಇದಕ್ಕಾಗಿಯೇ ಇಂಗಾಲದ ನಾರಿನ ಸರಳುಗಳನ್ನು ಬಳಸುವುದುಂಟು. ನರರಜ್ಜುವು ಕಿರಣವನ್ನು ಒಂದು ಮಿತಿಯವರೆಗೆ ಮಾತ್ರ ತಾಳಬಲ್ಲುದು. ದಿನಕ್ಕೆ ಸಾಧಾರಣ ಕಂತಿನಂತೆ ಕೊಟ್ಟಾಗ ಆ ಮಿತಿಯು ಸುಮಾರು 45ರಿಂದ 50 ಗ್ರೇ. ಮುಂದೆ ಅದೇ ಸ್ಥಳಕ್ಕೆ ಮತ್ತೆ ಕೊಡಬೇಕಾದಾಗ ಹಿಂದೆ ಕೊಟ್ಟುದರ ಲೆಕ್ಕವು ಬೇಕೇಬೇಕು. ಆದಕಾರಣ ಯಾವ ಮಣಿಗೆ, ಯಾವ ತಾರೀಖಿನಲ್ಲಿ, ಎಷ್ಟು ಗ್ರೇ ಕೊಟ್ಟರೆಂಬ ಕಾಗದವನ್ನು ಹೊಲದ ಪತ್ರದಂತೆ ಪೆಟ್ಟಿಗೆಯಲ್ಲಿ ಜೋಪಾನವಾಗಿಡತಕ್ಕದ್ದು.

ಭಕ್ತರಲ್ಲಿ ಕೆಲವರಿಗೆ ಇನ್ನೊಂದು ಸಂಕೋಚವು ಇರುವುದು ಸಹಜ. ಎಂ.ಆರ್.ಐ. ಪರೀಕ್ಷೆಯ ಕೋಣೆಯೊಳಗೆ ಪ್ರಬಲವಾದ ಅಯಸ್ಕಾಂತವಿರುವುದರಿಂದ ಮೈಮೇಲಿನ ಲೋಹವನ್ನೆಲ್ಲ ತೆಗೆಯಿಸುವರು; ಕಿರಣದ ದಾರಿಯಲ್ಲಿಯೂ ಏನೂ ಇರಬಾರದು. ಕೊರಳಲ್ಲಿ ಬೆಳ್ಳಿಯ ಕರಡಿಗೆಯನ್ನು ಧರಿಸಿದವರು ಆ ಗಳಿಗೆಯಲ್ಲಿ ತಬ್ಬಿಬ್ಬಾಗಿ ಪರೀಕ್ಷೆಯನ್ನೇ ಬಿಟ್ಟುಬರಬಾರದು. ಹಿಂದಿನ ದಿನವೇ ಅಲ್ಲಿನವರಿಗೆ ವಿಷಯವನ್ನು ತಿಳಿಸಿ, ವಸ್ತ್ರದಲ್ಲಿ ಕಟ್ಟಿಕೊಳ್ಳಲು ಅವರು ಒಪ್ಪುವರೋ ಎಂದು ವಿಚಾರಿಸಿ, ಸಂದೇಹವಿದ್ದಲ್ಲಿ ಗುರುಗಳ ಅಪ್ಪಣೆಯನ್ನು ಪಡೆದು ಹೋದರೆ ಎಲ್ಲವೂ ಸುಸೂತ್ರವಾಗುವುದು.

ಕಿರಣವು ಮುಗಿದ ಮಾತ್ರಕ್ಕೆ ಎಚ್ಚರಿಕೆಯು ಮುಗಿಯಲಿಲ್ಲ. ಎಲುಬು ಕರಗುವುದನ್ನು ತಡೆಯಲು ಜೋಲೆಡ್ರೋನಿಕ್ ಆಮ್ಲವೆಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುವರು. ಮೂತ್ರಪಿಂಡಗಳು ದುರ್ಬಲವಾಗಿದ್ದಲ್ಲಿ ಡೆನೋಸುಮ್ಯಾಬ್ ಎಂಬುದನ್ನು ಯೋಚಿಸುವರು. ಇವುಗಳಿಂದ ಅಪರೂಪವಾಗಿ ದವಡೆಯ ಎಲುಬು ಕೆಡುವುದುಂಟಾದ ಕಾರಣ, ಮೊದಲೇ ದಂತವೈದ್ಯರಿಗೆ ತೋರಿಸಿ ಕೀಳಬೇಕಾದ ಹಲ್ಲನ್ನು ಕೀಳಿಸಿಕೊಂಡಿರಬೇಕು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ನೋವಿನ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡಗಳಿಗೆ ವಿಷಸಮಾನವು. ವೈದ್ಯರು ಬರೆದುದನ್ನಲ್ಲದೆ ಬೇರೆಯದನ್ನು ನುಂಗಕೂಡದು. ವೈದ್ಯರು ಬೇಡವೆನ್ನದ ಪಕ್ಷದಲ್ಲಿ ನೀರನ್ನು ಧಾರಾಳವಾಗಿ ಕುಡಿಯಬೇಕು. ಭಾರವನ್ನೆತ್ತಬಾರದು, ಆದರೆ ಮಲಗಿಯೇ ಇರಲೂಬಾರದು. ಹೇಳಿಕೊಟ್ಟಂತೆ ಮೆಲ್ಲಮೆಲ್ಲನೆ ನಡೆಯುವುದೇ ಔಷಧವು. ಬೆನ್ನನ್ನು ನೀವಿಸುವುದು, ತುಳಿಸುವುದು, ಎಲುಬು ಕೂಡಿಸುವವರ ಕೈಗೆ ಕೊಡುವುದು ಈ ರೋಗಿಗಳಿಗೆ ಪ್ರಾಣಾಂತಿಕವೆಂದು ಗಟ್ಟಿಯಾಗಿ ತಿಳಿಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಬೆಲೆ. ಚಿಕಿತ್ಸೆಗೆ ಬರುವಾಗ ನಡೆಯುತ್ತಿದ್ದವನು ಚಿಕಿತ್ಸೆಯ ಮೇಲೆಯೂ ನಡೆಯುವ ಸಂಭವವು ಹೆಚ್ಚು. ಹೊತ್ತುಕೊಂಡು ಬರಲ್ಪಟ್ಟವನಿಗೆ ಆ ಭಾಗ್ಯವು ಕಡಿಮೆ. ಆದಕಾರಣ ಐವತ್ತು ದಾಟಿದವರಲ್ಲಿ ವಾರಗಟ್ಟಲೆ ಬಿಡದ ಬೆನ್ನುನೋವು, ಅದರೊಂದಿಗೆ ರಕ್ತಹೀನತೆ, ಸುಸ್ತು, ಎತ್ತರ ಕುಗ್ಗುವುದು ಇವು ಕಂಡರೆ ರಕ್ತಪರೀಕ್ಷೆಯನ್ನೂ ಬೆನ್ನಿನ ಚಿತ್ರವನ್ನೂ ಮಾಡಿಸತಕ್ಕದ್ದು. ಕಾಲು ಜೋಮು ಹಿಡಿದರೆ, ಬಲವು ಕುಂದಿದರೆ, ಮೂತ್ರವು ಕಟ್ಟಿದರೆ ಮರುದಿನಕ್ಕೆಂದು ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಮುಂಬಯಿಯಲ್ಲಿ 1941ರಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆಯೂ, ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಇಂತಹ ವ್ಯಾಧಿಗಳಿಗಾಗಿಯೇ ಇರುವ ಸಂಸ್ಥೆಗಳು. ಬಡವರಿಗೆ ಇಂತಹ ಕಡೆ ಸರ್ಕಾರದ ನೆರವೂ ದೊರೆಯುವುದುಂಟು. ಹಣವಿಲ್ಲವೆಂದು ಮನೆಯಲ್ಲಿ ಕುಳಿತುಕೊಳ್ಳುವ ಮೊದಲು ಒಮ್ಮೆ ಹೋಗಿ ಕೇಳುವುದು ಉಚಿತವು.

ಆ ಯಜಮಾನನ ಪಡಸಾಲೆಗೆ ಮರಳೋಣವಾಗಲಿ. ಅವನ ಮಗನು ಮೇಲೆ ಹೇಳಿದ ಪ್ರಶ್ನೆಯನ್ನು ವೈದ್ಯರಿಗೆ ಕೇಳಿದನೆಂದೂ, ನರರಜ್ಜುವಿನ ಪಕ್ಕದಲ್ಲಿ ಗೆಡ್ಡೆಯ ಭಾಗವು ಉಳಿದಿದೆಯೆಂದು ಅವರು ಚಿತ್ರವನ್ನು ತೋರಿಸಿದರೆಂದೂ ಭಾವಿಸಿರಿ. ಆಗ ಮಗನು ಬಂದು, “ಅಪ್ಪಾ, ಇದು ಸುಡುವುದಲ್ಲ. ಹತ್ತು ದಿನ, ದಿನಕ್ಕೆ ಕೆಲವು ನಿಮಿಷ. ನಾನು ಜೊತೆಗಿರುತ್ತೇನೆ” ಎಂದು ಹೇಳಿದರೆ, ಆ ತಂದೆಯು ಒಲ್ಲೆನೆನ್ನುವ ಸಂಭವವು ಕಡಿಮೆ. ಭಯವನ್ನು ಕಳೆಯುವುದು ತಿಳಿವಳಿಕೆ. ತಿಳಿವಳಿಕೆಗೆ ಬಲವನ್ನು ಕೊಡುವುದು ಜೊತೆಗಿರುವ ಮನುಷ್ಯ. ರೋಗಿಗೆ ದಾರಿಯ ಖರ್ಚು, ಪಟ್ಟಣದಲ್ಲಿ ಎರಡು ವಾರದ ವಸತಿ, ಮನೆಯಲ್ಲಿ ದನಕರುಗಳ ಮೇವು ಇವುಗಳ ಚಿಂತೆಯು ರೋಗದಷ್ಟೇ ಭಾರವಾಗಿರುವುದು. ಆ ಭಾರದಲ್ಲಿ ಒಂದಿಷ್ಟನ್ನು ನೆರೆಹೊರೆಯವರು ಹೊತ್ತರೆ, ಅದೂ ಚಿಕಿತ್ಸೆಯ ಒಂದು ಅಂಗವೇ ಸರಿ. ಈ ಸಭೆಯಲ್ಲಿ ಕುಳಿತ ಒಬ್ಬರಾದರೂ ತಮ್ಮ ಓಣಿಯ ಒಬ್ಬ ರೋಗಿಯನ್ನು ಕಾಲಕ್ಕೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿದರೆ ಈ ಉಪನ್ಯಾಸವು ಸಾರ್ಥಕವಾದಂತೆಯೇ.